ಪಡುವಣಿಯ ಯುದ್ಧನೀತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಪಡುವಣಿ ಎಂಬ ದೇಶ ಯಾವ ಭೂಪಟದಲ್ಲೂ ಇಲ್ಲ. ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ನಾವು ಕೆಲವು ಗೆಳೆಯರು ಕನ್ನಡದಲ್ಲಿ ಕಥೆ ಬರೆಯುವುದಕ್ಕೆಂದು ಕಟ್ಟಿಕೊಂಡ ನಾಡು ಅದು. ಅದಕ್ಕೆ ಸಂವಿಧಾನವಿದೆ, ನಾಣ್ಯವಿದೆ, ನೆರೆಹೊರೆಯ ದೇಶಗಳಿವೆ. ಆದರೆ ಓದುಗರು ಅತಿ ಹೆಚ್ಚು ಕೇಳುವುದು ಅದರ ಸೇನೆಯ ಬಗ್ಗೆ. ಕಥೆ ಬರೆಯಲು ಹೊರಟವರು, ಕಾಲೇಜು ವಿದ್ಯಾರ್ಥಿಗಳು, ಸೇನೆಯಲ್ಲಿ ದುಡಿದು ಊರಿಗೆ ಮರಳಿದ ಹಿರಿಯರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಯುದ್ಧನೀತಿಯ ಕರಡನ್ನು ಬರೆದವನು ನಾನು, ಆದ್ದರಿಂದ ಉತ್ತರಗಳ ಹೊಣೆಯೂ ನನ್ನದೇ.

ಯುದ್ಧನೀತಿ ಎಂದರೆ ಯುದ್ಧದ ಯೋಜನೆಯೇ?

ಎರಡೂ ಬೇರೆ. ಇಂಥ ಶತ್ರು ಇಂಥ ದಾರಿಯಿಂದ ಬಂದರೆ ಇಂಥ ಸೇತುವೆಯ ಬಳಿ ತಡೆಯಬೇಕು ಎನ್ನುವುದು ಯೋಜನೆ. ಶತ್ರು ಯಾರೇ ಇರಲಿ, ಯಾವ ದಾರಿಯಿಂದಲೇ ಬರಲಿ, ನಮ್ಮ ಸೈನಿಕರೆಲ್ಲರೂ ಒಂದೇ ರೀತಿ ಯೋಚಿಸುವಂತೆ ಮಾಡುವ ನಂಬಿಕೆಗಳ ಕಟ್ಟು ಯುದ್ಧನೀತಿ. ಅದು ಉದ್ದವಾಗಿರಬೇಕೆಂದೂ ಇಲ್ಲ. ಭಾರತ 2003ರ ಜನವರಿಯಲ್ಲಿ ಪ್ರಕಟಿಸಿದ ಅಣ್ವಸ್ತ್ರ ನೀತಿಯ ಸಾರಾಂಶ ಒಂದೆರಡು ಪುಟಗಳಲ್ಲಿ ಮುಗಿಯುತ್ತದೆ. ಆದರೆ ಅದರಲ್ಲಿರುವ ‘ಮೊದಲು ಬಳಸುವುದಿಲ್ಲ’ ಎಂಬ ಒಂದು ಮಾತು ಕ್ಷಿಪಣಿ ಎಲ್ಲಿರಬೇಕು, ಯಾವ ಸ್ಥಿತಿಯಲ್ಲಿರಬೇಕು, ಗುಂಡಿ ಒತ್ತುವ ಅಧಿಕಾರ ಯಾರಿಗಿರಬೇಕು ಎಂಬುದನ್ನೆಲ್ಲ ನಿರ್ಧರಿಸುತ್ತದೆ.

ಕಲ್ಪನೆಯ ದೇಶಗಳನ್ನು ಕಟ್ಟುವವರು ಹೆಚ್ಚಾಗಿ ಆಯುಧಗಳ ಪಟ್ಟಿಯಿಂದ ಆರಂಭಿಸುತ್ತಾರೆ: ಇಷ್ಟು ಟ್ಯಾಂಕ್, ಇಷ್ಟು ವಿಮಾನ, ಇಷ್ಟು ಜಲಾಂತರ್ಗಾಮಿ. ಆ ಪಟ್ಟಿಯನ್ನು ಯಾವ ದೇಶಕ್ಕೆ ಅಂಟಿಸಿದರೂ ಅಂಟಿಕೊಳ್ಳುತ್ತದೆ. ನೆಲ, ನೀರು, ಮಳೆ, ಅಕ್ಕಿ ಇವುಗಳಿಂದ ಹುಟ್ಟದ ಯುದ್ಧನೀತಿ ಓದುಗರ ಮನಸ್ಸಿನಲ್ಲಿ ನಿಲ್ಲುವುದಿಲ್ಲ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಮುಂದಿನ ಉತ್ತರಗಳೆಲ್ಲ ಆ ಅಭಿಪ್ರಾಯದಿಂದಲೇ ಹೊರಟಿವೆ.

ಪಡುವಣಿ ಎಂದರೆ ಕಾಸರಗೋಡೇ ಅಲ್ಲವೇ?

ನೆಲ ಕಾಸರಗೋಡಿನದು, ರಾಜಕೀಯ ಅಲ್ಲ. ಕೇರಳದ 44 ನದಿಗಳಲ್ಲಿ 12 ನಮ್ಮ ಜಿಲ್ಲೆಯಲ್ಲೇ ಹರಿಯುತ್ತವೆ. ಅವುಗಳಲ್ಲಿ ಎಲ್ಲಕ್ಕಿಂತ ಉದ್ದನೆಯ ಚಂದ್ರಗಿರಿಯೇ 105 ಕಿಲೋಮೀಟರ್. ಘಟ್ಟದಲ್ಲಿ ಹುಟ್ಟಿದ ಹೊಳೆ ಮೈತುಂಬಿಕೊಳ್ಳುವಷ್ಟರಲ್ಲಿ ಕಡಲು ಬಂದಿರುತ್ತದೆ. ಮುರಕಲ್ಲಿನ ಗುಡ್ಡ, ನಡುವೆ ಅಡಿಕೆ ತೋಟದ ಕಣಿವೆ, ಕರಾವಳಿಯ ಉದ್ದಕ್ಕೆ ಒಂದೇ ಒಂದು ರೈಲು ದಾರಿ: ಇದನ್ನೆಲ್ಲ ಪಡುವಣಿಗೆ ಹಾಗೆಯೇ ಕೊಟ್ಟಿದ್ದೇವೆ. ಕಥೆಯ ದೇಶಕ್ಕೆ 90 ಕಿಲೋಮೀಟರ್ ಕಡಲ ತೀರ, ಹೆಚ್ಚೆಂದರೆ 40 ಕಿಲೋಮೀಟರ್ ಅಗಲ, ಒಂಬತ್ತು ಹೊಳೆಗಳು, 15 ಲಕ್ಷ ಜನ. ಮೂಡಣ ದಿಕ್ಕಿನಲ್ಲಿ, ಘಟ್ಟದ ಮೇಲೆ, ಅದಕ್ಕಿಂತ ಹತ್ತಾರು ಪಟ್ಟು ದೊಡ್ಡದಾದ ಮೂಡಲಸೀಮೆ. ಪಡುವಣ ದಿಕ್ಕಿನಲ್ಲಿ ಹಡಗುಗಳಿಂದ ಬದುಕುವ ಒಂದು ದ್ವೀಪರಾಜ್ಯ.

ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ್ದು, 1967ರ ಮಹಾಜನ ವರದಿ ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಹೇಳಿದ್ದು, ಅದು ಜಾರಿಯಾಗದೆ ಉಳಿದದ್ದು ನಮ್ಮ ನಿಜ ಬದುಕಿನ ಸಂಗತಿಗಳು. ಅವುಗಳಿಗೆ ಕಥೆಯ ದೇಶದ ಸೇನೆಯಿಂದ ಉತ್ತರ ಹುಡುಕುವುದು ಸಲ್ಲದು. ಪಡುವಣಿಯ ಶತ್ರುಗಳಲ್ಲಿ ಯಾರನ್ನೂ ನಮ್ಮ ನೆರೆಯ ಜನರ ಮುಖವಾಡವಾಗಿ ಬರೆಯಬೇಡಿ ಎಂದು ಬರೆಯುವವರೆಲ್ಲರನ್ನೂ ಕೇಳಿಕೊಳ್ಳುತ್ತೇನೆ.

ಇಷ್ಟು ಚಿಕ್ಕ ದೇಶ ದೊಡ್ಡ ಸೇನೆಯೊಂದನ್ನು ತಡೆಯುವುದು ಹೇಗೆ?

ಇದಕ್ಕೆ ಉತ್ತರ ಬೇಕಾದವರು ಒಮ್ಮೆ ಬೇಕಲ ಕೋಟೆಗೆ ಹೋಗಿ ಬನ್ನಿ. ಕೆಳದಿಯ ಶಿವಪ್ಪ ನಾಯಕ 17ನೇ ಶತಮಾನದ ನಡುವಿನಲ್ಲಿ ಕಟ್ಟಿಸಿದ ಕೋಟೆ, ಸುಮಾರು 40 ಎಕರೆ. ಹೆಚ್ಚಿನವರು ಕಾವಲು ಬುರುಜಿನ ಮೇಲೆ ಹತ್ತಿ ಕಡಲು ನೋಡಿ, ಫೋಟೋ ತೆಗೆಸಿಕೊಂಡು ಇಳಿಯುತ್ತಾರೆ. ನೀವು ಹೊರಗೋಡೆಯ ಒಳಬದಿಗೆ ಹೋಗಿ ಮುರಕಲ್ಲಿನಲ್ಲಿ ಕೊರೆದ ಕಂಡಿಗಳಿಗೆ ಕಣ್ಣಿಟ್ಟು ನೋಡಿ. ಮೇಲಿನ ಕಂಡಿಯಿಂದ ದೂರದ ಕಡಲು ಕಾಣುತ್ತದೆ. ಅದರ ಕೆಳಗಿನ ಕಂಡಿ ದಡಕ್ಕೆ ಹತ್ತಿರವಾದವನಿಗೆ ಗುರಿಯಿಡಲು. ಎಲ್ಲಕ್ಕಿಂತ ಕೆಳಗಿನದು ಗೋಡೆಯ ಬುಡಕ್ಕೇ ಬಂದು ನಿಂತವನಿಗೆ. ಕಂಡಿಗಳ ಓರೆಯನ್ನು ಗಮನಿಸಿದರೆ ಕಟ್ಟಿದವರ ಲೆಕ್ಕಾಚಾರ ತಿಳಿಯುತ್ತದೆ: ಶತ್ರು ಮೊದಲ ಸಾಲನ್ನು ದಾಟಿಯೇ ದಾಟುತ್ತಾನೆ ಎಂದು ಒಪ್ಪಿಕೊಂಡೇ ಅವರು ಎರಡನೆಯದನ್ನೂ ಮೂರನೆಯದನ್ನೂ ಕೊರೆದಿದ್ದಾರೆ.

ಪಡುವಣಿಯ ಯುದ್ಧನೀತಿಯಲ್ಲಿ ಈ ಮೂರಕ್ಕೂ ಹೆಸರಿದೆ: ದೂರದ ಕಂಡಿ, ನಡುವಿನ ಕಂಡಿ, ಬುಡದ ಕಂಡಿ.

ದೂರದ ಕಂಡಿ ಎಂದರೆ ಕಣ್ಣು ಮತ್ತು ಕೈಚಾಚು. ರೇಡಾರ್, ಡ್ರೋನ್, ಮೀನುಗಾರಿಕೆಗೆ ಹೋಗುವ ದೋಣಿಗಳ ವೈರ್‌ಲೆಸ್, ಲಾರಿಯ ಮೇಲೆ ಕೂರಿಸಿ ತೆಂಗಿನ ತೋಟದಲ್ಲಿ ಮರೆಮಾಡಿದ ಕ್ಷಿಪಣಿಗಳು. ನಡುವಿನ ಕಂಡಿ ಎಂದರೆ ಅಳಿವೆಗಳು, ಸೇತುವೆಗಳು, ಘಟ್ಟದ ತಿರುವುಗಳು. ಕೆಳದಿಯವರು ಚಂದ್ರಗಿರಿ ಕೋಟೆಯನ್ನು ಕಡಲಿಗೆ ಸಮೀಪ, ಹೊಳೆಯ ದಡದಲ್ಲೇ ಕಟ್ಟಿದ್ದನ್ನು ನೆನಪಿಟ್ಟುಕೊಳ್ಳಿ. ನಮ್ಮಂಥ ನೆಲದಲ್ಲಿ ಉದ್ದಕ್ಕೆ ಸಾಗಬೇಕಾದವನು ಹೊಳೆಯ ನಂತರ ಹೊಳೆ ದಾಟಬೇಕು. ಒಂಬತ್ತು ಹೊಳೆ ಎಂದರೆ ಒಂಬತ್ತು ತಡೆ. ಬುಡದ ಕಂಡಿ ಎಂದರೆ ಊರು. ರಾಜಧಾನಿ ಹೋದ ಮೇಲೂ, ರಸ್ತೆಗಳೆಲ್ಲ ಶತ್ರುವಿನ ಕೈಸೇರಿದ ಮೇಲೂ ಆಕ್ರಮಿಸಿದವನಿಗೆ ಒಂದು ದಿನದ ನೆಮ್ಮದಿಯೂ ಸಿಗದಂತೆ ನೋಡಿಕೊಳ್ಳುವುದು ಅದರ ಕೆಲಸ. ಪಡುವಣಿ ಮೂಡಲಸೀಮೆಯನ್ನು ಎಂದೂ ಸೋಲಿಸಲಾರದು. ಗೆದ್ದರೂ ದಕ್ಕಿಸಿಕೊಳ್ಳಲಾಗದು ಎಂಬ ಲೆಕ್ಕ ಮೂಡಲಸೀಮೆಯ ಮಂತ್ರಿಮಂಡಲಕ್ಕೆ ಮೊದಲೇ ಸಿಕ್ಕಿಬಿಡಬೇಕು. ನೀತಿಯ ಗುರಿ ಅಷ್ಟೇ.

ದೊಡ್ಡ ನೌಕಾಪಡೆ ಯಾಕಿಲ್ಲ? ಕಡಲ ದೇಶವಲ್ಲವೇ?

15 ಲಕ್ಷ ಜನರ ದೇಶ ಒಂದೆರಡು ದೊಡ್ಡ ಯುದ್ಧನೌಕೆ ಕೊಳ್ಳಬಹುದು. ಕೊಂಡ ದಿನದಿಂದ ಅವನ್ನು ಕಾಯುವುದೇ ಸೇನೆಯ ಮುಖ್ಯ ಕೆಲಸವಾಗುತ್ತದೆ. 2022ರ ಏಪ್ರಿಲ್ 14ರಂದು ರಷ್ಯಾದ ಕಪ್ಪು ಸಮುದ್ರ ನೌಕಾಪಡೆಯ ಮುಂದಾಳು ಹಡಗು ಮಾಸ್ಕ್ವಾ ಮುಳುಗಿತು. ಅದನ್ನು ಹೊಡೆದದ್ದು ಉಕ್ರೇನ್ ದಡದಿಂದ ಹಾರಿಸಿದ ನೆಪ್ಚೂನ್ ಕ್ಷಿಪಣಿಗಳು. ಆ ಹೊತ್ತಿಗೆ ಉಕ್ರೇನಿನ ಬಳಿ ಹೇಳಿಕೊಳ್ಳುವಂಥ ಒಂದು ದೊಡ್ಡ ಯುದ್ಧನೌಕೆಯೂ ಇರಲಿಲ್ಲ.

ನಮ್ಮ ಕರಾವಳಿಗೂ ಈ ಪಾಠ ಹೊಸದಲ್ಲ. ಉಳ್ಳಾಲದ ಅಬ್ಬಕ್ಕ 16ನೇ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ್ದು ಅವರಷ್ಟು ದೊಡ್ಡ ಹಡಗುಗಳನ್ನು ಕಟ್ಟಿ ಅಲ್ಲ. 1741ರಲ್ಲಿ ಕೊಳಚ್ಚಲಿನಲ್ಲಿ ತಿರುವಾಂಕೂರಿನ ಮಾರ್ತಾಂಡವರ್ಮ ಡಚ್ಚರನ್ನು ಸೋಲಿಸಿದ್ದೂ ಅವರು ದಡಕ್ಕಿಳಿದ ಮೇಲೆ. ಕಡಲಿನ ಮೇಲೆ ಬಲಶಾಲಿಯಾದವನು ದಡಕ್ಕೆ ಬರಲೇಬೇಕು. ಪಡುವಣಿ ಕಾಯುವುದು ಅಲ್ಲಿ.

ಮಳೆಗಾಲಕ್ಕೆ ಬೇರೆ ಅಧ್ಯಾಯವೇ ಇದೆಯಂತೆ?

ಇದೆ, ಮತ್ತು ಅದನ್ನು ಓದದೆ ಯಾರೂ ಪಡುವಣಿಯ ಯುದ್ಧದ ಕಥೆ ಬರೆಯಬೇಡಿ. ನಮ್ಮ ಕಡೆ ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ತನಕ 52 ದಿನ ಟ್ರಾಲಿಂಗ್, ಅಂದರೆ ಯಂತ್ರದೋಣಿಯ ಹಿಂದೆ ಬಲೆ ಎಳೆದು ಮೀನು ಹಿಡಿಯುವುದು, ನಿಷೇಧ. ಅದು ಮೀನಿನ ಸಂತತಿಗಾಗಿ ಮಾಡಿದ ಕಾನೂನು. ಆದರೆ ಆ ದಿನಗಳ ಕಡಲನ್ನು ಕಂಡವರಿಗೆ ಸೇನೆ ಇಳಿಸುವ ದೋಣಿಗಳು ಅಲ್ಲಿ ಏನಾಗುತ್ತವೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹಾಯಿ ಹಡಗುಗಳ ಕಾಲದಲ್ಲಂತೂ ಮಳೆ ಹಿಡಿಯಿತೆಂದರೆ ಪಡುವಣ ಕರಾವಳಿಯ ಬಂದರುಗಳು ಮುಚ್ಚಿದಂತೆಯೇ.

ಹೀಗಾಗಿ ನೀತಿಯಲ್ಲಿ ವರ್ಷಕ್ಕೆ ಎರಡು ಭಾಗ. ಜೂನ್‌ನಿಂದ ಸೆಪ್ಟೆಂಬರ್ ತನಕ ಪಡುವಣ ದಿಕ್ಕಿನ ಕಾವಲು ಸಡಿಲ, ಘಟ್ಟದ ಕಡೆ ಬಿಗಿ. ಘಟ್ಟದ ರಸ್ತೆಗಳೂ ಆಗ ಕುಸಿಯುತ್ತವೆ ನಿಜ, ಆದರೆ ಕುಸಿತ ಎರಡೂ ಕಡೆಯವರನ್ನು ಕಾಡುತ್ತದೆ: ಗಾಯಾಳುಗಳನ್ನು ಸಾಗಿಸುವ ನಮ್ಮ ಆಂಬುಲೆನ್ಸ್ ಕೂಡ ಅದೇ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅಕ್ಟೋಬರ್‌ನಿಂದ ಮೇ ತನಕ ಲೆಕ್ಕ ತಿರುವುಮುರುವು. ಸೈನಿಕರ ರಜೆ, ಕಾಯ್ದಿರಿಸಿದ ಪಡೆಯ ತರಬೇತಿ, ಮದ್ದುಗುಂಡು ಒಣಗಿಸುವ ಕೆಲಸ ಎಲ್ಲವೂ ಈ ಪಂಚಾಂಗದ ಪ್ರಕಾರವೇ. ಮದ್ದುಗುಂಡು ಒಣಗಿಸುವುದು ಸಣ್ಣ ವಿಷಯವೆಂದು ತಿಳಿಯಬೇಡಿ. ಆಷಾಢದಲ್ಲಿ ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುವ ಊರು ನಮ್ಮದು.

ಸೈನಿಕರ ಸಂಖ್ಯೆ ಎಷ್ಟು? ಕಟ್ಟದ ತಂಡ ಎಂದರೇನು?

ಕಾಯಂ ಸೈನಿಕರು 6,000. ಕರೆದರೆ ಬರಬೇಕಾದವರು 60,000. ಜನಸಂಖ್ಯೆಯ ನೂರಕ್ಕೆ ನಾಲ್ಕು ಪಾಲು. ಇದು ಉತ್ಪ್ರೇಕ್ಷೆ ಎಂದು ಕೆಲವರು ಆಕ್ಷೇಪಿಸಿದ್ದಾರೆ. ಸುಮಾರು 55 ಲಕ್ಷ ಜನರಿರುವ ಫಿನ್ಲೆಂಡ್ ಯುದ್ಧಕಾಲದ ಸೇನೆಯ ಬಲವನ್ನು 2,80,000 ಎಂದು ಇಟ್ಟುಕೊಂಡಿದೆ, ಅಂದರೆ ನೂರಕ್ಕೆ ಐದು. ಅಲ್ಲಿ ಕಡ್ಡಾಯ ಸೇವೆಯ ಕನಿಷ್ಠ ಅವಧಿ 165 ದಿನ. ಪಡುವಣಿಯಲ್ಲಿ ಗಂಡು ಹೆಣ್ಣೆನ್ನದೆ 19 ತುಂಬಿದ ಎಲ್ಲರಿಗೂ ಆರು ತಿಂಗಳು. ಆಯುಧ ಹಿಡಿಯಲು ಮನಸ್ಸಾಕ್ಷಿ ಒಪ್ಪದವರಿಗೆ ಆಸ್ಪತ್ರೆ, ನೀರು ಸರಬರಾಜು, ಅಗ್ನಿಶಾಮಕ ಕೆಲಸ. ಅದನ್ನು ಕೀಳಾಗಿ ಕಾಣುವ ಅಧಿಕಾರಿಗೆ ಶಿಕ್ಷೆಯಿದೆ.

ಕಾಯ್ದಿರಿಸಿದ ಪಡೆಯನ್ನು ಹೇಗೆ ಗುಂಪು ಮಾಡುವುದು ಎಂಬ ಬಗ್ಗೆ ನಮ್ಮಲ್ಲಿ ಬಹಳ ಚರ್ಚೆಯಾಯಿತು. ಶಾಲೆಯ ಪ್ರಕಾರವೋ, ವಾರ್ಡಿನ ಪ್ರಕಾರವೋ, ಕೆಲಸದ ಪ್ರಕಾರವೋ? ಕೊನೆಗೆ ದಾರಿ ತೋರಿಸಿದ್ದು ಏತಡ್ಕದ ಕಡೆಯ ಕಟ್ಟಗಳು. ಮಳೆ ನಿಂತು ಹೊಳೆ ಇಳಿಯತೊಡಗಿದಾಗ, ನವೆಂಬರ್ ಡಿಸೆಂಬರ್ ಹೊತ್ತಿಗೆ, ಅಕ್ಕಪಕ್ಕದ ತೋಟದವರು ಸೇರಿ ಕಲ್ಲು ಮಣ್ಣಿನಿಂದ ತೋಡಿಗೆ ಅಡ್ಡಲಾಗಿ ಕಟ್ಟ ಹಾಕುತ್ತಾರೆ. ಕಲ್ಲಿನ ಎರಡು ಸಾಲು, ನಡುವೆ ಮಣ್ಣು ತುಂಬಿ ತುಳಿದು ಗಟ್ಟಿ ಮಾಡಬೇಕು. ಯಾರು ಕಲ್ಲು ಹೊರಬೇಕು, ಯಾರು ನೀರಿಗಿಳಿಯಬೇಕು, ಯಾರ ಮಾತು ಕೇಳಬೇಕು ಎಂಬುದು ಆ ಗುಂಪಿನಲ್ಲಿ ಆಗಲೇ ನಿಶ್ಚಯವಾಗಿರುತ್ತದೆ. ಮೇಲಿನ ತೋಟದವನು ಬರದಿದ್ದರೆ ಕೆಳಗಿನವನ ಬಾವಿ ಬತ್ತುತ್ತದೆ ಎಂಬ ಲೆಕ್ಕವೂ ಎಲ್ಲರಿಗೂ ಗೊತ್ತು. ಜಾತಿ, ಪಕ್ಷ, ಮನೆತನದ ಜಗಳಗಳನ್ನು ಒಂದು ವಾರದ ಮಟ್ಟಿಗೆ ಬದಿಗಿಟ್ಟು ದುಡಿದು ಅಭ್ಯಾಸವಿರುವ ಗುಂಪು ಅದು. ಪಡುವಣಿಯ ಬುಡದ ಕಂಡಿಯ ಮೂಲ ಘಟಕ ಅದೇ: ಒಂದು ಕಟ್ಟವನ್ನು ಹಂಚಿಕೊಂಡ ಮನೆಗಳಿಂದ ಬಂದ ಹನ್ನೆರಡರಿಂದ ಇಪ್ಪತ್ತು ಜನ. ತರಬೇತಿಯೂ ವರ್ಷಕ್ಕೊಮ್ಮೆ ಕಟ್ಟದ ಕೆಲಸ ಮುಗಿದ ಮರುದಿನವೇ ಆರಂಭ.

ಸುರಂಗಗಳಲ್ಲಿ ಗೆರಿಲ್ಲಾ ಪಡೆಯನ್ನು ಅಡಗಿಸಬಹುದಲ್ಲ? ವಿಯೆಟ್ನಾಮಿನ ಕೂಚಿಯಲ್ಲಿ ಹಾಗೆ ಮಾಡಿದರಲ್ಲ?

ಎಲ್ಲಕ್ಕಿಂತ ಹೆಚ್ಚು ಬಾರಿ ಬಂದ ಪ್ರಶ್ನೆ ಇದು. ಬಾಯಾರು, ಎಣ್ಮಕಜೆ, ಪಡ್ರೆಯ ಕಡೆಯ ಸುರಂಗಗಳನ್ನು ನೋಡಿದ ಯಾರಿಗಾದರೂ ಈ ಆಲೋಚನೆ ಬಂದೇ ಬರುತ್ತದೆ. ನನ್ನ ಉತ್ತರ ಖಂಡಿತ ಬೇಡ ಎಂದು. ಕಾರಣ ಎರಡು.

ಮೊದಲನೆಯದು, ಸುರಂಗ ಮನುಷ್ಯರು ಬೀಡುಬಿಡುವ ಜಾಗವಲ್ಲ. ನೀರಿಗಾಗಿ ಗುಡ್ಡದ ಮಗ್ಗುಲಿಗೆ ಅಡ್ಡಲಾಗಿ ಕೊರೆದ ದಾರಿ ಅದು. ಎತ್ತರ ಒಬ್ಬ ಆಳು ನಿಲ್ಲುವಷ್ಟು, ಅಗಲ ಎರಡು ಅಡಿಯ ಆಸುಪಾಸು, ಉದ್ದ ಕೆಲವು ಮೀಟರಿನಿಂದ ಮುನ್ನೂರು ಮೀಟರಿನ ತನಕ. ಒಳಗೆ ಒಬ್ಬ ಪಿಕ್ಕಾಸಿನಿಂದ ಅಗೆಯುತ್ತಿದ್ದರೆ ಇನ್ನೊಬ್ಬ ಮಣ್ಣನ್ನು ಹೊರಗೆ ಸಾಗಿಸುತ್ತಾನೆ. ಎದುರಾಎದುರು ಬಂದರೆ ಒಬ್ಬ ಗೋಡೆಗೆ ಒರಗಿ ನಿಲ್ಲಬೇಕು. ಒಳಗೆ ಹೋದಷ್ಟೂ ಉಸಿರಾಡುವ ಗಾಳಿ ಕಡಿಮೆ. ಅಗೆಯುವವರು ಪಕ್ಕದಲ್ಲಿ ಹಚ್ಚಿಟ್ಟ ಮೋಂಬತ್ತಿ ಮಂಕಾದರೆ ಕೆಲಸ ನಿಲ್ಲಿಸಿ ಹೊರಗೆ ಬರುತ್ತಾರೆ. ಅಂಥಲ್ಲಿ ಇಪ್ಪತ್ತು ಜನರನ್ನು ಬಂದೂಕಿನೊಂದಿಗೆ ಕೂರಿಸುವುದು ಅವರನ್ನು ಹೂಳುವುದಕ್ಕೆ ಸಮ.

ಎರಡನೆಯ ಕಾರಣ ನನಗೆ ಇನ್ನೂ ಮುಖ್ಯ. 1949ರ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಪೂರಕ ಒಪ್ಪಂದದ 54ನೇ ವಿಧಿ ನಾಗರಿಕರ ಬದುಕಿಗೆ ಅತ್ಯಗತ್ಯವಾದ ಆಹಾರ, ಬೆಳೆ, ಕುಡಿಯುವ ನೀರಿನ ವ್ಯವಸ್ಥೆ, ನೀರಾವರಿ ಕಾಮಗಾರಿಗಳಿಗೆ ರಕ್ಷಣೆ ಕೊಡುತ್ತದೆ. ಸುರಂಗ, ಮದಕ (ಮಳೆನೀರು ನಿಲ್ಲಿಸುವ ಕೆರೆ), ಕಟ್ಟ ಮೂರೂ ಅದರಡಿ ಬರುತ್ತವೆ. ನಾವೇ ಸುರಂಗದೊಳಗೆ ಸೈನಿಕನನ್ನು ಇಟ್ಟೆವೆಂದರೆ ಆ ರಕ್ಷಣೆಯನ್ನು ನಮ್ಮ ಕೈಯಾರೆ ಕಳೆದಂತೆ. ಶತ್ರು ಒಂದು ಸುರಂಗದಲ್ಲಿ ಸೈನಿಕನನ್ನು ಕಂಡರೆ ಉಳಿದವುಗಳ ಬಾಯಿಗೂ ಗ್ರೆನೇಡ್ ಎಸೆಯುತ್ತಾನೆ. ಏಪ್ರಿಲ್ ತಿಂಗಳಿನಲ್ಲಿ ಗುಡ್ಡದ ಮೇಲಿನ ಮನೆಗೆ ಆ ಹನಿ ನೀರು ಬಿಟ್ಟರೆ ಬೇರೆ ಗತಿಯಿಲ್ಲ. ಆದ್ದರಿಂದ ಪಡುವಣಿಯ ಯುದ್ಧನೀತಿಯಲ್ಲಿ ಯಾವ ಸೇನಾಪತಿಯೂ ಬದಲಿಸಲಾಗದ ಒಂದು ಸಾಲಿದೆ: ನೀರಿನ ನೆಲೆಗೆ ನೂರು ಮೀಟರಿನೊಳಗೆ ಆಯುಧ ಬರಕೂಡದು. ನೆಲಬಾಂಬುಗಳ ನಿಷೇಧವೂ ಇದರ ಜೊತೆಗೇ ಇದೆ. 1997ರ ಒಟ್ಟಾವಾ ಒಪ್ಪಂದವನ್ನು ಪಡುವಣಿ ಒಪ್ಪಿಕೊಂಡಿದೆ. ಅಡಿಕೆ ಹೆಕ್ಕಲು ಬಗ್ಗಿ ನಡೆಯುವ ಜನರ ತೋಟದಲ್ಲಿ ಬಾಂಬು ಹೂತಿಟ್ಟು ಆ ದೇಶವನ್ನು ಉಳಿಸಿದೆ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಅಕ್ಕಿಯ ಪ್ರಶ್ನೆಗೂ ಸೇನೆಗೂ ಏನು ಸಂಬಂಧ?

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜ್ಯದ ಏಳು ಅಂಗಗಳು ಒಂದು ಕ್ರಮದಲ್ಲಿ ಬರುತ್ತವೆ: ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ. ಮೊದಲು ಬರುವ ಅಂಗಕ್ಕೆ ಒದಗುವ ಆಪತ್ತು ನಂತರದ್ದಕ್ಕಿಂತ ಗಂಭೀರ ಎಂಬುದು ಅವನ ವಾದ. ದಂಡ, ಅಂದರೆ ಸೇನೆ, ಆರನೆಯದು; ಜನಪದ, ಅಂದರೆ ನಾಡು ಮತ್ತು ಅದರ ಜನ, ಮೂರನೆಯದು. ಹಾಗಾಗಿ ಜನರ ಊಟದ ಲೆಕ್ಕ ಸೇನೆಯ ಲೆಕ್ಕಕ್ಕಿಂತ ಮೊದಲು.

ಲೆಕ್ಕ ಹಾಕಿ ನೋಡಿ. ತಲೆಗೆ ದಿನಕ್ಕೆ 400 ಗ್ರಾಂ ಎಂದರೆ 15 ಲಕ್ಷ ಜನರಿಗೆ ದಿನಕ್ಕೆ 600 ಟನ್ ಅಕ್ಕಿ. ಹತ್ತು ಟನ್ ಹೊರುವ ಲಾರಿಗಳಾದರೆ 60. ಅಡಿಕೆ, ತೆಂಗು, ರಬ್ಬರ್ ಬೆಳೆಯುವ ಪಡುವಣಿಗೆ ಆ ಲಾರಿಗಳಲ್ಲಿ ಹೆಚ್ಚಿನವು ಘಟ್ಟ ಇಳಿದು ಬರಬೇಕು. ಮೂಡಲಸೀಮೆ ಒಂದು ಗುಂಡನ್ನೂ ಹಾರಿಸದೆ ಗೇಟು ಹಾಕಿದರೆ ಸಾಕು. ಹಾಗಾಗಿ ಆರು ತಿಂಗಳ ದಾಸ್ತಾನು, ಅಂದರೆ 1,08,000 ಟನ್, ನೀತಿಯಲ್ಲೇ ಕಡ್ಡಾಯ. ಸ್ವಿಟ್ಜರ್ಲೆಂಡ್ ಆಮದುದಾರರ ಮೂಲಕ ಆಹಾರದ ಕಡ್ಡಾಯ ದಾಸ್ತಾನು ಇರಿಸಿಕೊಳ್ಳುವ ಪದ್ಧತಿಯನ್ನು ಇಂದಿಗೂ ಉಳಿಸಿಕೊಂಡಿದೆ. ಇಷ್ಟು ಅಕ್ಕಿ ಒಂದೇ ಗೋದಾಮಿನಲ್ಲಿದ್ದರೆ ಒಂದೇ ಬೆಂಕಿಗೆ ಹೋಗುತ್ತದೆ. ಅದಕ್ಕೆ ಪಡುವಣಿಯಲ್ಲಿ ಪ್ರತಿ ಪಂಚಾಯತಿಗೂ ಒಂದು ಉಗ್ರಾಣ. ಹಳೆಯದನ್ನು ಶಾಲೆಯ ಬಿಸಿಯೂಟಕ್ಕೆ ಕೊಟ್ಟು ಹೊಸದನ್ನು ತುಂಬಿಸುತ್ತಾರೆ.

ಆದೇಶಗಳು ಯಾವ ಭಾಷೆಯಲ್ಲಿ?

ಸಿಪಾಯಿಗಳಿಗೆ ಕೊಡುವ ಆದೇಶಕ್ಕೆ ಒಂದೇ ಭಾಷೆ ಇರಬೇಕೆಂದು ವಾದಿಸಬಹುದು. ಸ್ವಿಸ್ ಸೇನೆ ಜರ್ಮನ್, ಫ್ರೆಂಚ್, ಇಟಾಲಿಯನ್ ಮೂರರಲ್ಲೂ ನಡೆಯುತ್ತದೆ, ಮುರಿದು ಬಿದ್ದಿಲ್ಲ. ಆದರೆ ನನ್ನ ಕಾಳಜಿ ನಾಗರಿಕರಿಗೆ ಕೊಡುವ ಎಚ್ಚರಿಕೆಯದು.

ಪಡುವಣಿಯಲ್ಲೂ ಕಾಸರಗೋಡಿನಂತೆ ಕನ್ನಡ, ಮಲಯಾಳ, ತುಳು, ಕೊಂಕಣಿ, ಮರಾಠಿ, ಉರ್ದು, ಬ್ಯಾರಿ ಮಾತನಾಡುವವರಿದ್ದಾರೆ. ಮನೆಬಾಗಿಲಿಗೆ ಬಂದ ಸರ್ಕಾರಿ ಕಾಗದವನ್ನು ಓದಲಾಗದೆ ಪಕ್ಕದ ಮನೆಯ ಶಾಲೆಯ ಮಗುವನ್ನು ಕರೆಸಿ ಓದಿಸಿಕೊಂಡ ಅಜ್ಜಿಯಂದಿರನ್ನು ನಮ್ಮ ಕಡೆ ಎಷ್ಟೋ ಜನ ಕಂಡಿದ್ದೇವೆ. ಪಿಂಚಣಿಯ ಕಾಗದವಾದರೆ ಒಂದು ದಿನ ತಡವಾದರೂ ನಡೆದೀತು. ‘ಇನ್ನು ಹತ್ತು ನಿಮಿಷದಲ್ಲಿ ಮನೆ ಬಿಡಿ’ ಎಂಬ ಸೂಚನೆ ಆಕೆಗೆ ತಿಳಿಯದ ಭಾಷೆಯಲ್ಲಿ ಬಂದರೆ ಆ ಸರ್ಕಾರವೇ ಆಕೆಯನ್ನು ಕೊಂದಂತೆ. ಈ ಮಾತನ್ನು ನಾನು ಮೆತ್ತಗೆ ಹೇಳಲಾರೆ. ಪಡುವಣಿಯಲ್ಲಿ ಪ್ರತಿ ಮನೆಯೂ ತನ್ನ ಭಾಷೆಯನ್ನು ನೋಂದಾಯಿಸುತ್ತದೆ. ಸೈರನ್ನಿನ ನಂತರದ ಧ್ವನಿಸಂದೇಶ ಆ ಭಾಷೆಯಲ್ಲೇ ಮೊಬೈಲಿಗೆ ಬರುತ್ತದೆ, ಕಟ್ಟದ ತಂಡದ ಒಬ್ಬರು ಬಂದು ಅದೇ ಭಾಷೆಯಲ್ಲಿ ಕೂಗುತ್ತಾರೆ. ಕನ್ನಡಿಗರು ಹೆಚ್ಚಾಗಿರುವ ಊರಿನಲ್ಲಿ ಮಲಯಾಳದ ಒಂದೇ ಮನೆ ಇದ್ದರೂ ಆ ಮನೆಗೆ ಮಲಯಾಳದಲ್ಲೇ. ನಮಗೆ ಬೇಕೆನಿಸಿದ್ದನ್ನು ಇನ್ನೊಬ್ಬರಿಗೆ ಕೊಡದೆ ಆ ಅಧ್ಯಾಯವನ್ನು ಬರೆಯಲು ನನಗೆ ಸಾಧ್ಯವಿರಲಿಲ್ಲ.

ರಾಜಧಾನಿ ಬಿದ್ದರೆ ಯಾರ ಮಾತು ನಡೆಯುತ್ತದೆ?

ಒಂದೊಂದು ಹೊಳೆಯ ಕಣಿವೆಗೂ ಒಬ್ಬ ದಳಪತಿ. ಸಂಪರ್ಕ ಕಡಿದ ಕ್ಷಣದಿಂದ ಆತ, ಅಥವಾ ಆಕೆ, ಮೇಲಿನವರ ಅಪ್ಪಣೆಗೆ ಕಾಯದೆ ಮೊದಲೇ ಕೊಟ್ಟ ಗುರಿಯಂತೆ ನಡೆಯಬೇಕು. ಶರಣಾಗತಿಯ ಸುಳ್ಳು ಸುದ್ದಿಗೆ ಬಲಿಯಾಗದಂತೆ ಸ್ವೀಡನ್ನಿನಿಂದ ಒಂದು ಮಾತನ್ನು ಎರವಲು ಪಡೆದಿದ್ದೇವೆ. ಅಲ್ಲಿನ ಸರ್ಕಾರ 2018ರಲ್ಲಿ ಮನೆಮನೆಗೆ ಹಂಚಿದ ಪುಸ್ತಿಕೆಯಲ್ಲಿ, ಪ್ರತಿರೋಧ ನಿಲ್ಲಿಸಬೇಕೆಂಬ ಯಾವ ಸುದ್ದಿಯೂ ಸುಳ್ಳು ಎಂದು ಮುಂಚಿತವಾಗಿಯೇ ಸಾರಲಾಗಿತ್ತು.

ಅಣುಬಾಂಬು?

ಇಲ್ಲ. 40 ಕಿಲೋಮೀಟರ್ ಅಗಲದ ದೇಶಕ್ಕೆ ಅದನ್ನು ಪರೀಕ್ಷಿಸಲೂ ಜಾಗವಿಲ್ಲ.

ಹಾಗಾದರೆ ಸೇನೆಯನ್ನೇ ರದ್ದು ಮಾಡಬಹುದಿತ್ತಲ್ಲ?

ಕೋಸ್ಟರೀಕ 1948ರಲ್ಲಿ ಸೇನೆಯನ್ನು ರದ್ದು ಮಾಡಿತು, ಇಂದಿಗೂ ಸೇನೆಯಿಲ್ಲದೆ ಬದುಕುತ್ತಿದೆ. ಅದರ ಬಗ್ಗೆ ನನಗೆ ಬಹಳ ಗೌರವ. ಪಡುವಣಿಯ ಸಂಸತ್ತಿನಲ್ಲಿ ಆ ದಾರಿಯನ್ನು ಬೇಡುವ ಒಂದು ಪಕ್ಷವೂ ಇದೆ, ಅದನ್ನು ಖಳರ ಗುಂಪಾಗಿ ಚಿತ್ರಿಸಬೇಡಿ. ಅವರ ವಾದಕ್ಕೆ ಸಮರ್ಥ ಉತ್ತರ ಕೊಡಲಾಗದ ಮಂತ್ರಿಯ ಕಥೆಯನ್ನು ಯಾರಾದರೂ ಬರೆದರೆ ಸಂತೋಷವಾಗಿ ಓದುತ್ತೇನೆ.

ಪಡುವಣಿ ಮೊದಲು ದಾಳಿ ಮಾಡಬಹುದೇ?

ಕೂಡದು. ಗಡಿ ದಾಟಿದ ಪಡುವಣಿಯ ಸೈನಿಕನಿಗೆ ಅಲ್ಲಿ ಮಾಡಲು ಕೆಲಸವೇ ಇಲ್ಲದಂತೆ ನೀತಿಯನ್ನು ಕಟ್ಟಲಾಗಿದೆ: ದೂರ ಸಾಗುವ ಟ್ಯಾಂಕಿಲ್ಲ, ಇಂಧನದ ಸಾಲು ಲಾರಿಗಳಿಲ್ಲ. ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಊರಿನವರಾದ ನಮಗೆ ಯಕ್ಷಗಾನದ ಯುದ್ಧಗಳು ಚೆನ್ನಾಗಿ ಗೊತ್ತು. ಅಲ್ಲಿ ಬಾಣಕ್ಕಿಂತ ಮೊದಲು ಮಾತು ಬರುತ್ತದೆ. ಪಡುವಣಿಯ ನೀತಿಯಲ್ಲೂ ಸಂಧಾನದ ಅಧ್ಯಾಯ ಮೊದಲು, ಮತ್ತು ಯಾವ ಗೆರೆ ದಾಟಿದರೆ ಏನಾಗುತ್ತದೆ ಎಂಬುದನ್ನು ನೆರೆಯ ದೇಶಗಳಿಗೆ ಶಾಂತಿಕಾಲದಲ್ಲೇ ಬರಹದಲ್ಲಿ ಕೊಟ್ಟಿರುತ್ತಾರೆ.

ಪಡುವಣಿ ಸೋಲುವ ಕಥೆ ಬರೆಯಬಹುದೇ?

ಧಾರಾಳವಾಗಿ ಬರೆಯಿರಿ. ಆದರೆ ಆಷಾಢದ ಮಳೆಯಲ್ಲಿ ಟ್ಯಾಂಕುಗಳು ಘಟ್ಟ ಇಳಿದು ಗೆದ್ದವು ಎಂದು ಬರೆದರೆ ನಮ್ಮ ಊರಿನ ಲಾರಿ ಚಾಲಕರು ಕೂಡ ಒಪ್ಪುವುದಿಲ್ಲ. ನಾನೇ ಮೂಡಲಸೀಮೆಯ ಸೇನಾಪತಿಯಾಗಿದ್ದರೆ ಎರಡು ವರ್ಷ ಮುಂಚೆ ಆರಂಭಿಸುತ್ತಿದ್ದೆ. ಮೊದಲು ಅಕ್ಕಿಯನ್ನು ಅಗ್ಗವಾಗಿ ಮಾರಿ, ದಾಸ್ತಾನು ವ್ಯರ್ಥ ಖರ್ಚೆಂದು ಪಡುವಣಿಯ ಸಂಸತ್ತಿಗೇ ಅನ್ನಿಸುವಂತೆ ಮಾಡುತ್ತಿದ್ದೆ. ಆಮೇಲೆ ಭಾಷೆಗಳ ನಡುವೆ ಜಗಳ ಹಚ್ಚುತ್ತಿದ್ದೆ, ಎಚ್ಚರಿಕೆಯ ಸಂದೇಶಗಳು ಒಂದು ಭಾಷೆಯವರಿಗೆ ಮಾತ್ರ ಮೊದಲು ಹೋಗುತ್ತವೆ ಎಂಬ ಗಾಳಿಸುದ್ದಿ ಹಬ್ಬಿಸಿ. ಕಾರ್ಮಿಕರ ಕೂಲಿ ಏರಿ, ಕೊಳವೆ ಬಾವಿಗಳು ಹೆಚ್ಚಿ, ಕಟ್ಟ ಹಾಕುವ ಊರುಗಳು ತಾವಾಗಿಯೇ ಕಡಿಮೆಯಾಗುವುದನ್ನು ಕಾಯುತ್ತಿದ್ದೆ. ಕಟ್ಟವಿಲ್ಲದ ಕಡೆ ಕಟ್ಟದ ತಂಡ ಕಾಗದದಲ್ಲಷ್ಟೇ ಇರುತ್ತದೆ. ಕೊನೆಗೆ ಏಪ್ರಿಲ್ ಮೂರನೆಯ ವಾರ, ಬಾವಿಗಳ ತಳ ಕಾಣುವ ಹೊತ್ತಿಗೆ, ಕಡಲು ಶಾಂತವಾಗಿರುವಾಗ ಘಟ್ಟದ ಗೇಟು ಹಾಕಿ, ಎರಡೂ ದಿಕ್ಕಿನಿಂದ ಬರುತ್ತಿದ್ದೆ. ಮಳೆ ಹಿಡಿಯುವುದಕ್ಕೆ ಆರು ವಾರ ಸಿಗುತ್ತದೆ. ಅಷ್ಟರಲ್ಲಿ ಒಂಬತ್ತರಲ್ಲಿ ಆರು ಹೊಳೆಗಳನ್ನು ದಾಟಿದರೆ ಪಡುವಣಿ ಉಳಿಯುವುದಿಲ್ಲ.